ನಾಲ್ಕನೇ ಸೀಸನ್ನಿನ ಕೊನೆಯ ಮಾತು

ಮೊದಲು ಪ್ಲಸ್ ಹೇಳಬೇಕೋ ಮೈನಸ್ ಹೇಳಬೇಕೋ ಎಂಬುದೇ ವಾಗೀಶನಿಗೆ ಬೆಳಗಿನಿಂದ ತೀರ್ಮಾನವಾಗಿರಲಿಲ್ಲ. ಹಲ್ಲುಜ್ಜುವಾಗ ಪ್ಲಸ್ ಮೊದಲು ಅಂದುಕೊಂಡ. ಸ್ನಾನ ಮುಗಿಸಿ ವಿಭೂತಿ ಇಟ್ಟುಕೊಳ್ಳುವಾಗ, ಇಲ್ಲ, ಮೊದಲೇ ಹೊಗಳಿದರೆ ಮಗಳು 'ನಿಂಗೆ ಎಲ್ಲಾನೂ ಚೆನ್ನಾಗಿರತ್ತೆ ಬಿಡಪ್ಪ' ಎಂದು ಮೂಗು ಮುರಿಯುತ್ತಾಳೆ, ಎರಡು ಕುಂದು ಎತ್ತಿ ಆಡಿಯೇ ಶುರು ಮಾಡಬೇಕು ಅನ್ನಿಸಿತು. ನಲವತ್ತಾರು ವರ್ಷದ ಗಂಡಸು, ಜಖಂ ಆದ ಕಾರುಗಳನ್ನು ನೋಡಿ ವಿಮಾ ಕಂಪನಿಗಳಿಗೆ ವರದಿ ಕೊಡುವ ಸರ್ವೇಯರು, ಬನ್ನಿಮಂಟಪದ ಗ್ಯಾರೇಜಿನವರೆಲ್ಲ 'ಸಾರ್ ಸಾರ್' ಎಂದು ಬೆನ್ನ ಹಿಂದೆ ಬರುವಂಥವನು, ಒಂದು ಕಾರ್ಟೂನಿನ ಗುಣದೋಷಗಳನ್ನು ಪರೀಕ್ಷೆಗೆ ಹೊರಟ ಹುಡುಗನ ಹಾಗೆ ಬಾಯಿಪಾಠ ಮಾಡುತ್ತಿದ್ದ. ಕಾರ್ಟೂನು ಅನ್ನಬಾರದು. 'ಅನಿಮೇಶನ್ ಅನ್ನು ಅಪ್ಪ, ಕಾರ್ಟೂನು ಚಿಕ್ಕ ಮಕ್ಕಳದ್ದು, ಇದು ದೊಡ್ಡೋರದ್ದು' ಎಂದು ಲಹರಿ ಎಷ್ಟೋ ಸಲ ತಿದ್ದಿದ್ದಳು. ಪ್ರತಿ ಕಂತಿನ ಮೊದಲು ಪರದೆಯ ಮೂಲೆಯಲ್ಲಿ ಹದಿನೆಂಟು ಪ್ಲಸ್ ಎಂದು ಬರುತ್ತಿತ್ತು. ಹದಿನಾಲ್ಕನೇ ವಯಸ್ಸಿನಿಂದ ಅವಳು ಅದನ್ನು ಅವನ ಪಾಸ್‌ವರ್ಡಿನಲ್ಲಿ ಕದ್ದು ನೋಡುತ್ತಿದ್ದಳು, ಅವನು ಕದ್ದು ನೋಡಲು ಬಿಟ್ಟಿದ್ದ. ಅಪ್ಪ ಅನ್ನಿಸಿಕೊಂಡವನು ಕೊಡಬಹುದಾದ ಬೇರೆ ಏನೂ ಆ ವಯಸ್ಸಿನಲ್ಲಿ ಅವಳಿಗೆ ಬೇಕಾಗಿರಲಿಲ್ಲ.

ಈ ಬರುವ ಗುರುವಾರ ಅವಳಿಗೆ ಹದಿನೆಂಟು ತುಂಬುತ್ತದೆ. ಮಗಳಿಗೆ ಹದಿನೆಂಟಾಗುವವರೆಗೆ ಭಾನುವಾರದ ಮಧ್ಯಾಹ್ನಗಳು ತಂದೆಯವು ಎಂದು ವಿಚ್ಛೇದನ ಕೊಡುವಾಗ ನ್ಯಾಯಾಲಯ ಹೇಳಿತ್ತು. ಅಂದರೆ ಇವತ್ತಿನದೇ ಕೊನೆಯದು. ಮುಂದಿನ ಭಾನುವಾರದಿಂದ ಲಹರಿ ಆ ಧಾರಾವಾಹಿಯನ್ನು ಕಾನೂನು ಪ್ರಕಾರ ನೋಡಬಹುದು, ಅಪ್ಪನನ್ನು ಕಾನೂನು ಪ್ರಕಾರ ನೋಡದೆಯೂ ಇರಬಹುದು. ಈ ಲೆಕ್ಕ ಅವನಿಗೆ ಹೊಳೆದದ್ದು ಹಿಂದಿನ ವಾರ, ಯಾರದೋ ಕಾರಿನ ನುಜ್ಜುಗುಜ್ಜಾದ ಬಾನೆಟ್ಟಿನ ಮೇಲೆ ಬಗ್ಗಿದ್ದಾಗ. ಮೆಕ್ಯಾನಿಕ್ ಏನೋ ಕೇಳುತ್ತಿದ್ದ, ಇವನಿಗೆ ಕಿವಿ ಕೇಳಿಸದಂತಾಯಿತು. ಅವಳನ್ನು ಒಂದೇ ಒಂದು ಮಾತು ಕೇಳಬೇಕಿತ್ತು: ಮುಂದಿನ ವಾರವೂ ಬರ್ತೀಯಾ? ಇಷ್ಟು ಸಣ್ಣ ಮಾತನ್ನು ನೇರವಾಗಿ ಕೇಳುವ ಧೈರ್ಯವಿಲ್ಲದೆ, ಇಡೀ ಸೀಸನ್ನನ್ನು ಒಂದು ಕಂತೂ ಬಿಡದೆ ನೋಡಿದ್ದ. ಚೆನ್ನಾಗಿ ಮಾತಾಡಿದರೆ, ಅವಳು ನಗುವ ಹಾಗೆ, ಅವಳು ತಲೆದೂಗುವ ಹಾಗೆ ಮಾತಾಡಿದರೆ, ಕೇಳುವುದೇ ಬೇಡವಾಗಬಹುದು, ಅವಳೇ 'ಮುಂದಿನ ವಾರ ಸಿಗೋಣ' ಅಂದುಬಿಡಬಹುದು ಎಂಬ ಆಸೆ.

ಜಯಲಕ್ಷ್ಮಿಪುರಂನ ಆ ಹೋಟೆಲಿನ ಮೇಲಿನ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೇಜು ಅವರಿಬ್ಬರಿಗೆ ರೂಢಿ. ಮೊದಮೊದಲು ಲಹರಿಯ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕುರ್ಚಿಯ ಕಾಲಿಗೆ ಶೂ ಬಡಿಯುತ್ತ ಐಸ್‌ಕ್ರೀಮು ತಿನ್ನುತ್ತಿದ್ದಳು, ಆ ಬಡಿತ ನಿಂತರೆ ಇವನಿಗೆ ಗಾಬರಿಯಾಗುತ್ತಿತ್ತು. ಈಗ ಅವಳು ಮೊಬೈಲನ್ನು ಬೋರಲು ಹಾಕಿ, ಎರಡೂ ಮೊಣಕೈ ಮೇಜಿನ ಮೇಲೆ ಊರಿ ಕೂತಿದ್ದಳು. ಬೋರಲು ಹಾಕಿದ್ದು ಗೌರವವೋ, ಯಾರ ಸಂದೇಶ ಬರುತ್ತಿದೆ ಎಂದು ಅಪ್ಪ ನೋಡಬಾರದೆಂದೋ ತಿಳಿಯಲಿಲ್ಲ. 'ಪೂರ್ತಿ ನೋಡ್ದಾ?' ಎಂದಳು. 'ಹೂಂ, ಒಂದೂ ಬಿಟ್ಟಿಲ್ಲ.' 'ಪರವಾಗಿಲ್ವೇ! ಸರಿ, ಹೇಳು. ಮೊದ್ಲು ಮೈನಸ್ ಹೇಳು.' ಅಷ್ಟು ಹೊತ್ತು ತಲೆ ಕೆಡಿಸಿಕೊಂಡದ್ದು ಅವಳ ಒಂದು ಮಾತಿಗೆ ಮುಗಿದುಹೋಯಿತು.

ಧಾರಾವಾಹಿಯ ಹೆಸರು 'ಟಿನ್ ಸೇಂಟ್'. ಅದರ ನಾಯಕ ಮಾಮೂಲಿ ಮನುಷ್ಯ, ಹೆಂಡತಿ ತೀರಿಕೊಂಡವನು, ಜೂನ್ ಎಂಬ ಮಗಳ ತಂದೆ. ಊರಿಗೆ ಅಪಾಯ ಬಂದಾಗ ಅವನ ಮೈಯೆಲ್ಲ ತಗಡಾಗುತ್ತದೆ, ಆಗ ಅವನನ್ನು ಗುಂಡೂ ಮುಟ್ಟುವುದಿಲ್ಲ, ಬೆಂಕಿಯೂ ಮುಟ್ಟುವುದಿಲ್ಲ. ಆದರೆ ತಗಡಾದಷ್ಟೂ ಸಲ ಚರ್ಮದ ಅರಿವು ಒಂದಿಷ್ಟು ಸತ್ತುಹೋಗುತ್ತದೆ, ಮತ್ತೆ ಬರುವುದಿಲ್ಲ. ನಾಲ್ಕನೇ ಸೀಸನ್ನಿನ ಹೊತ್ತಿಗೆ ಮಗಳು ಕೈ ಹಿಡಿದರೆ ಅವನು ಕಣ್ಣಿಂದ ನೋಡಿ ತಿಳಿದುಕೊಳ್ಳಬೇಕು. ವಾಗೀಶ ಮೊದಲನೆಯ ಸೀಸನ್ನನ್ನು ಮಗಳ ದಾಕ್ಷಿಣ್ಯಕ್ಕೆ ನೋಡಿದ್ದ. ತಗಡಿನ ಮನುಷ್ಯ ಕಾರೆತ್ತಿ ಎಸೆದಾಗಲೆಲ್ಲ ಇವನ ಕಣ್ಣು ಕಾರಿನ ಕಡೆ: ಚಾಸಿ ಹೋಯಿತು, ಇದು ರಿಪೇರಿಯಾಗುವ ಗಾಡಿಯಲ್ಲ. ಇದನ್ನು ಅವಳಿಗೆ ಹೇಳಿದಾಗ ಬಿದ್ದೂಬಿದ್ದೂ ನಕ್ಕಿದ್ದಳು. ಆ ನಗುವಿಗೋಸ್ಕರ ಎರಡನೆಯದನ್ನೂ ಮೂರನೆಯದನ್ನೂ ನೋಡಿದ. ಈ ಸಲ ಮಾತ್ರ ಕಾರುಗಳು ಕಣ್ಣಿಗೆ ಬಿದ್ದಿರಲಿಲ್ಲ.

'ಮಧ್ಯದ ಮೂರು ಕಂತು ಎಳೆದಿದ್ದಾರೆ,' ಎಂದು ಶುರು ಮಾಡಿದ. 'ಆ ಹಾವಿನ ಕಣ್ಣಿನೋನು, ಆ ಅವಳಿ ಅಕ್ಕತಂಗೀರು, ಅಷ್ಟೊಂದು ಜನ ವಿಲನ್ನುಗಳು ಯಾಕೆ ಬೇಕಿತ್ತು? ಯಾರು ಯಾಕೆ ಹೊಡೀತಾವ್ರೆ ಅನ್ನೋದೇ ಮರೆತೋಗತ್ತೆ. ರಕ್ತಾನೂ ಜಾಸ್ತಿ ಆಯ್ತು.' ಲಹರಿ ತಲೆ ಆಡಿಸಿದಳು. 'ರಕ್ತ ಸರಿ. ಮೊದಲ್ನೇ ಸೀಸನ್ನಲ್ಲಿ ಒಬ್ಬ ಸತ್ರೆ ಎದೆ ಧಸಕ್ ಅಂತಿತ್ತು. ಈಗ ನೂರು ಜನ ಸಾಯ್ತಾರೆ, ನಾನು ಚಿಪ್ಸ್ ತಿಂತಾ ಇರ್ತೀನಿ. ಅದು ಅವರ ತಪ್ಪು.' ಎಷ್ಟು ಸರಿಯಾಗಿ ಹೇಳಿದಳು ಎಂದು ಅವನಿಗೆ ಹೆಮ್ಮೆಯಾಯಿತು. ಈ ಬುದ್ಧಿ ಯಾರಿಂದ ಬಂತು, ಅವಳ ಅಮ್ಮ ನಿಶ್ಚಿತಾಳಿಂದಲೇ ಇರಬೇಕು, ಅವಳೂ ಹೀಗೆಯೇ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದಳು. 'ನೀವು ಕೆಟ್ಟೋರಲ್ಲ ವಾಗೀಶ್, ನೀವು ಇಲ್ಲಿ ಇರೋದೇ ಇಲ್ಲ ಅಷ್ಟೆ' ಎಂದು ಸಾರಿಗೆ ಒಗ್ಗರಣೆ ಹಾಕುತ್ತ ಹೇಳಿದ್ದಳು, ಸಾಸಿವೆ ಸಿಡಿಯುವ ಸದ್ದಿನಲ್ಲಿ ಅದು ತನಗೆ ಕೇಳಿಸಲಿಲ್ಲವೆಂಬಂತೆ ಅವನು ಪೇಪರು ಮಗುಚಿದ್ದ. ಮಾಣಿ ಬಂದು ಕಾಫಿಯನ್ನೂ ಅವಳ ಐಸ್‌ಕ್ರೀಮನ್ನೂ ಇಟ್ಟು ಹೋದ. 'ಪ್ಲಸ್?' ಎಂದಳು ಲಹರಿ.

ಇದಕ್ಕೆ ಅವನು ಚೆನ್ನಾಗಿ ತಯಾರಾಗಿದ್ದ. ಯಾರೂ ಗಮನಿಸಿರಲಾರದ ಒಂದು ಸೂಕ್ಷ್ಮ ಹಿಡಿದಿದ್ದೇನೆಂಬ ಜಂಬವೂ ಇತ್ತು. 'ಈ ಸಲ ಅಪ್ಪ ಮಗಳು ಮಾತಾಡೋವಾಗೆಲ್ಲ ನೋಡು, ಅವನು ಬೆನ್ನು ತಿರುಗಿಸ್ಕೊಂಡೇ ಮಾತಾಡ್ತಾನೆ. ಕಿಟಕಿ ಕಡೆ ನೋಡ್ತಾ, ಒಲೆ ಕಡೆ ನೋಡ್ತಾ. ಮುಖ ತೋರ್ಸಕ್ಕೆ ಅವನಿಗೆ ನಾಚಿಕೆ. ಒಂದು ಮಾತಿಲ್ದೆ ಅದನ್ನ ಎಷ್ಟು ಚೆನ್ನಾಗಿ ತೋರಿಸ್ಬುಟ್ಟವ್ರೆ ಅಂತೀನಿ.' ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಆ ದೃಶ್ಯವನ್ನು ಅವನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದ್ದ. ಲಹರಿ ಅವನನ್ನು ಒಂದು ಗಳಿಗೆ ದಿಟ್ಟಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. 'ಅಯ್ಯೋ ಅಪ್ಪ! ಅದು ದುಡ್ಡು ಉಳಿಸೋಕೆ ಕಣಪ್ಪ. ಮುಖ ತೋರಿಸಿದ್ರೆ ತುಟಿ ಆಡೋದನ್ನ ಬರೀಬೇಕು. ಬೆನ್ನು ತೋರಿಸಿದ್ರೆ ಒಂದೇ ಚಿತ್ರ ಇಟ್ಟು ಹಿಂದೆ ಮಾತು ಓಡಿಸ್ಬೋದು. ಎಲ್ರೂ ಬೈತಿರೋದೇ ಅದಕ್ಕೆ. ಈ ಸೀಸನ್ನಿನ ದೊಡ್ಡ ಮೈನಸ್ಸೇ ಅದು.' ಅವನೂ ನಕ್ಕ. ನಗುವುದೊಂದೇ ದಾರಿ. ನಕ್ಕು ಕಾಫಿ ಎತ್ತಿದರೆ ಲೋಟ ಬಿಸಿಯಾಗಿತ್ತು, ಬೆರಳು ಸುಟ್ಟಿತು, ಇಟ್ಟ. ದುಡ್ಡುಳಿಸಲು ತೋರಿಸಿದ ಬೆನ್ನನ್ನು ನೋಡಿ ನಾಲ್ಕು ದಿನ ಕಣ್ಣು ಒದ್ದೆ ಮಾಡಿಕೊಂಡ ತನ್ನ ಪೆದ್ದುತನಕ್ಕೆ ನಾಚಿಕೆಯಾಯಿತು.

'ಹೋಗ್ಲಿ ಬಿಡು,' ಎಂದು ಅವಳೇ ಸಮಾಧಾನ ಮಾಡಿದಳು. ಆ ಸಮಾಧಾನ ನಗುವಿಗಿಂತ ಹೆಚ್ಚು ಚುಚ್ಚಿತು. 'ಆಮೇಲೆ ಇನ್ನೊಂದು, ನಿನ್ನ ಪಾಸ್‌ವರ್ಡ್ ಇನ್ನು ಬೇಡ, ಅಮ್ಮನೇ ನಂಗೆ ಬೇರೆ ಅಕೌಂಟ್ ಕೊಡ್ಸಿದಾಳೆ. ಬರ್ತ್‌ಡೇಗೆ.' ಎಷ್ಟು ಹಗುರವಾಗಿ ಹೇಳಿದಳು! ಅವನ ಫೋನಿನಲ್ಲಿ ಆ ಆ್ಯಪು ತೆರೆದರೆ ಎರಡು ಮುಖ ಕಾಣುತ್ತಿದ್ದವು, ಒಂದರ ಕೆಳಗೆ ವಾಗೀಶ, ಇನ್ನೊಂದರ ಕೆಳಗೆ ಲಹರಿ. ರಾತ್ರಿ ಊಟದ ಹೊತ್ತಿಗೆ ಅವಳು ಏನು ನೋಡಿ ಎಲ್ಲಿ ನಿಲ್ಲಿಸಿದ್ದಾಳೆ ಎಂದು ಅದರಲ್ಲಿ ತಿಳಿಯುತ್ತಿತ್ತು. ಹೆಬ್ಬಾಳದ ಬಾಡಿಗೆ ಮನೆಯಲ್ಲಿ ಒಬ್ಬನೇ ಅನ್ನ ಕಲಸುತ್ತ, ಇವತ್ತು ಬೇಗ ಮಲಗಿದಳು, ಇವತ್ತು ಯಾಕೋ ಒಂದೇ ಕಂತನ್ನು ಎರಡು ಸಲ ನೋಡಿದ್ದಾಳೆ ಎಂದು ಅಂದಾಜು ಮಾಡುವುದು ಅವನಿಗೆ ಅಭ್ಯಾಸವಾಗಿತ್ತು. 'ಒಳ್ಳೇದಾಯ್ತು ಬುಡು,' ಎಂದ. ಈಗಲೇ ಕೇಳಿಬಿಡಬೇಕು ಅಂದುಕೊಂಡ. ಬಾಯಿ ತೆರೆದ. 'ಎಂಡಿಂಗ್ ಬಗ್ಗೆ ಹೇಳ್ಲೇ ಇಲ್ಲ ನೀನು,' ಎಂದಳು ಅವಳು.

ಅಲ್ಲಿಯಾದರೂ ಗೆಲ್ಲಬಹುದೆಂದುಕೊಂಡ. ಊರಿನ ತಳದಲ್ಲಿ ಬಿರುಕು ಬಿಟ್ಟಿದೆ, ಯಾರಾದರೊಬ್ಬರು ಒಳಗೆ ನಿಂತು ಅದನ್ನು ಒತ್ತಿ ಹಿಡಿಯಬೇಕು, ತಗಡಿನ ಮನುಷ್ಯನೇ ಆಗಬೇಕು. ಮೆಟ್ಟಿಲ ಮೇಲೆ ಜೂನ್ ನಿಂತಿದ್ದಾಳೆ. ಅವನು ಕಬ್ಬಿಣದ ಬಾಗಿಲು ಎಳೆದುಕೊಳ್ಳುವ ಮೊದಲು ತಿರುಗಿ ಒಂದೇ ಮಾತು ಹೇಳುತ್ತಾನೆ. 'ಅದೇ ನೋಡು ದೊಡ್ಡ ಪ್ಲಸ್ಸು,' ಎಂದ ವಾಗೀಶ. 'ಎಷ್ಟು ರಕ್ತ ಸುರಿಸಿದ್ರೂ ಕೊನೇಲಿ ಒಂದು ಆಸೆ ಇಟ್ಟು ಮುಗಿಸಿದ್ದಾರೆ. ಬರ್ತೀನಿ ಅಂತಾನಲ್ಲ ಮಗಳಿಗೆ. ಐದನೇ ಸೀಸನ್ನಲ್ಲಿ ಬಂದೇ ಬರ್ತಾನೆ.'

ಲಹರಿ ಚಮಚ ಕೆಳಗಿಟ್ಟಳು. 'ಏನಂತಾನೆ?'

'ಬರ್ತೀನಿ ಅಂತಾನೆ.'

'ಇಲ್ಲಪ್ಪ. ಹೋಗ್ತಿದೀನಿ ಅಂತಾನೆ. ಮೂರು ಸೀಸನ್ನಿಂದ ಅವಳಿಗೆ ಬರೀ ಸುಳ್ಳು ಹೇಳ್ಕೊಂಡೇ ಬಂದಿದಾನೆ, ಊಟಕ್ಕೆ ಬರ್ತೀನಿ, ಸ್ಕೂಲಿಗೆ ಬರ್ತೀನಿ ಅಂತ. ಕೊನೇಲಿ ಒಂದೇ ಒಂದ್ಸಲ ನಿಜ ಹೇಳ್ತಾನೆ. ಹೋಗ್ತಿದೀನಿ. ಅದಕ್ಕೇ ಅವಳು ಅಳಲ್ಲ. ಇಡೀ ಸೀಸನ್ ಇರೋದೇ ಆ ಒಂದು ಮಾತಿಗೆ.' ಹೇಳುತ್ತ ಹೇಳುತ್ತ ಅವಳ ಹುಬ್ಬು ಗಂಟಿಕ್ಕಿತು, ಆಮೇಲೆ ಬಿಚ್ಚಿಕೊಂಡಿತು. 'ನೀನು ಕನ್ನಡದಲ್ಲಿ ನೋಡ್ದಾ?'

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ವಾಗೀಶ ಜೇಬಿನಲ್ಲಿದ್ದ ಫೋನು ಮುಟ್ಟಿಕೊಂಡ. ಮೊದಲ ಸೀಸನ್ನಿನಿಂದಲೂ ಅವನು ನೋಡುತ್ತಿದ್ದದ್ದು ಕನ್ನಡದ ಡಬ್ಬಿಂಗು. ಆ ಇಂಗ್ಲಿಷಿನವರು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡವರ ಹಾಗೆ ಮಾತಾಡಿದರೆ ಅವನಿಗೆ ಅರ್ಧಕ್ಕರ್ಧ ಹಿಡಿಯುತ್ತಿರಲಿಲ್ಲ. ಮಗಳಿಗೆ ಹೇಳಿಕೊಳ್ಳಲು ಸಂಕೋಚ. 'ಸ್ವಲ್ಪ ಅದ್ರಲ್ಲಿ, ಸ್ವಲ್ಪ ಇದ್ರಲ್ಲಿ,' ಎಂದ. 'ಗೊತ್ತಾಯ್ತು ಬಿಡು,' ಎಂದು ನಕ್ಕಳು. 'ಡಬ್ಬಿಂಗ್ ಬರೆದೋರು ರೂಢೀಲಿ ಬರ್ದ್‌ಬುಟ್ಟಿದಾರೆ. ನಮ್ಮಲ್ಲಿ ಹೊರಡೋವಾಗ ಹೋಗ್ತೀನಿ ಅನ್ನಬಾರ್ದಲ್ಲ.'

ಅನ್ನಬಾರದು. ಅವನ ತಾಯಿ ಸಿದ್ದಲಿಂಗಮ್ಮ ಅನ್ನಲು ಬಿಡುತ್ತಿರಲಿಲ್ಲ. ಚಪ್ಪಲಿ ಮೆಟ್ಟುತ್ತ ಮರೆತು 'ಹೋಗ್ತೀನಿ ಕಣವ್ವ' ಅಂದರೆ ಸಾಕು, ಅಡಿಗೆಮನೆಯಿಂದಲೇ 'ಬುಡ್ತು ಅನ್ನು! ಬುಡ್ತು ಅನ್ನು!' ಎಂದು ಕೂಗುತ್ತಿದ್ದಳು. 'ಬುಡ್ತು' ಅಂದು, ಕೆಟ್ಟ ಮಾತನ್ನು ಬಾಯಿಂದ ಇಳಿಸಿ, 'ಬತ್ತೀನಿ' ಅಂದ ಮೇಲೆಯೇ ಹೊಸ್ತಿಲು ದಾಟಬೇಕು. ಹೋಗುವುದು ಹೆಣ, ಮನುಷ್ಯ ಬರುತ್ತಾನೆ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೆ ಅವಳು ಅವನ ಕೈ ಹಿಡಿದು 'ಬತ್ತೀನಿ ಕಣಪ್ಪಾ' ಅಂದಿದ್ದಳು. ಆ ಮಾತನ್ನು ಹಿಡಿದುಕೊಂಡೇ ಅವನು ಎಷ್ಟೋ ತಿಂಗಳು ಬದುಕಿದ್ದ. ಅದು ರೂಢಿ ಅಂತೆ.

'ಯಾಕೆ ರೂಢಿ ಅಂತೀಯ?' ಎಂದ. ದನಿ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. 'ಬರ್ತೀನಿ ಅಂದ್ರೆ ಬರ್ತೀನಿ ಅಂತಾನೇ. ಬರೆದೋನು ಸುಮ್ನೆ ಬರೆದಿರಲ್ಲ. ಆ ಮಾತಿಗೆ ಬೆಲೆ ಇಲ್ವಾ? ಬಾಯಿ ಬಿಟ್ಟು ಬರ್ತೀನಿ ಅಂದೋನು ಬಂದೇ ತೀರಬೇಕು.' ಯಾತಕ್ಕಾಗಿ ಇಷ್ಟು ಹಟ ಹಿಡಿಯುತ್ತಿದ್ದಾನೆಂದು ಅವನಿಗೇ ತಿಳಿಯಲಿಲ್ಲ. ಒಂದು ಬೊಂಬೆ ಬಿರುಕಿನೊಳಗಿಂದ ಎದ್ದು ಬಂದರೆ ತನ್ನ ಭಾನುವಾರವೂ ಎದ್ದು ಬರುತ್ತದೆಂಬಂತೆ ಮೇಜು ಗುದ್ದಿದ. ಲೋಟ ಅಲ್ಲಾಡಿತು.

ಲಹರಿ ಅಲ್ಲಾಡುವ ಲೋಟವನ್ನು ಹಿಡಿದು ನಿಲ್ಲಿಸಿದಳು. ಆಮೇಲೆ ಮೆತ್ತಗೆ, 'ಹಂಗಾದ್ರೆ ಅವತ್ತು ನೀನಂದಿದ್ದು?' ಎಂದಳು.

'ಯಾವತ್ತು?'

'ಬ್ಯಾಗ್ ತಗೊಂಡು ಹೊರಟಿದ್ದೆಯಲ್ಲ, ಅವತ್ತು. ನಾನು ಮೂರನೇ ಕ್ಲಾಸು. ಗೇಟ್ ಮೇಲೆ ನಿಂತ್ಕೊಂಡಿದ್ದೆ. ನನ್ನ ಇಳಿಸಿ, ಬರ್ತೀನಿ ಕಣಮ್ಮ ಅಂದೆ. ಹೋಂವರ್ಕು ಅಲ್ಲೇ ಗೇಟ್ ಹತ್ರಾನೇ ಕೂತು ಮಾಡ್ದೆ. ಅಮ್ಮ ಒಳಗೆ ಬಾ ಅಂದ್ರೆ, ಅಪ್ಪ ಬರ್ತೀನಿ ಅಂದಿದಾನೆ ಅಂದೆ. ಅಮ್ಮ ಲೈಟ್ ಹಾಕಿ ಹೋದ್ಲು.'

ಅವನಿಗೆ ಅದು ನೆನಪಿರಲಿಲ್ಲ. ಬ್ಯಾಗಿನ ಜಿಪ್ಪು ಕಿತ್ತುಹೋಗಿದ್ದು ನೆನಪಿತ್ತು, ಆಟೋದವನು ಚಿಲ್ಲರೆಗೆ ಜಗಳವಾಡಿದ್ದು ನೆನಪಿತ್ತು. ಗೇಟಿನ ಮೇಲೆ ನಿಂತ ಮಗು ನೆನಪಿರಲಿಲ್ಲ, ಇಳಿಸಿದ್ದು ನೆನಪಿರಲಿಲ್ಲ. ಮುಟ್ಟಿದ ಕೈಗೆ ಅರಿವೇ ಇರಲಿಲ್ಲವೇನೋ. ಬಾಯಿಗೆ ಬಂದದ್ದನ್ನು ಅಂದ: 'ಅದು... ಎಲ್ರೂ ಹಂಗೇ ಅನ್ನೋದು ಕಣೇ. ಹೊರಡೋವಾಗ ಇನ್ನೇನಂತಾರೆ? ರೂಢಿ.'

ಅಂದಮೇಲೆ ತಿಳಿಯಿತು. ತಾನು ತೋಡಿದ ಹಳ್ಳ ಇಷ್ಟು ಆಳವಾಗಿದೆಯೆಂದು ಬಿದ್ದಮೇಲೆಯೇ ಗೊತ್ತಾಗುವುದು. 'ಅದೇ ನಾನೂ ಹೇಳಿದ್ದು,' ಎಂದಳು ಲಹರಿ. ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಜೂನ್‌ಳಂತೆಯೇ ಕೂತಿದ್ದಳು. ಆ ಮಾತಿಗೆ ಬೆಲೆ ಇದೆಯೆಂದರೆ ಅವನು ಎಂಟು ವರ್ಷದ ಮಗುವಿಗೆ ಸುಳ್ಳು ಹೇಳಿದವನು. ಬೆಲೆ ಇಲ್ಲವೆಂದರೆ ಇನ್ನು ಯಾರು ಬರ್ತೀನಿ ಅಂದರೂ ಅವನು ನಂಬುವ ಹಾಗಿಲ್ಲ. ಅವಳು ಬೋರಲಿದ್ದ ಮೊಬೈಲು ಎತ್ತಿ ಸಮಯ ನೋಡಿದಳು. 'ನಾನ್ ಹೋಗ್ತೀನಿ ಅಪ್ಪ. ಇಲ್ಲಿಂದ ಆಟೋ ಸಿಗತ್ತೆ.'

'ಬುಡ್ತು ಅನ್ನು,' ಎಂದುಬಿಟ್ಟ ವಾಗೀಶ.

ಇದಕ್ಕಿಂತ ಕೆಟ್ಟ ಹೊತ್ತಿನಲ್ಲಿ ಅದಕ್ಕಿಂತ ಕೆಟ್ಟ ಮಾತು ಬರಲು ಸಾಧ್ಯವಿರಲಿಲ್ಲ. ಸತ್ತ ತಾಯಿ ಅವನ ನಾಲಿಗೆಯ ಮೇಲೆ ಕೂತು ಆಡಿಸಿದ ಹಾಗೆ ತಾನಾಗಿಯೇ ಬಂತು. ಲಹರಿಯ ಬಾಯಂಚು ಅಲುಗಿತು, ನಗಲು ಹೊರಟಿತ್ತೋ ಬೇರೇನಕ್ಕೋ. 'ಇವತ್ತೂ ನಾನೇ ಬಿಡ್ತೀನಿ ಕಣಮ್ಮ, ಇದೊಂದಿನ. ಸ್ಕೂಟರ್ ತಂದಿದೀನಿ,' ಎಂದು ಅಂಗಲಾಚಿದ. ಹೌದು, ಅಂಗಲಾಚಿದ, ಅದಕ್ಕೆ ಬೇರೆ ಮಾತಿಲ್ಲ. ಅವಳು ಹೆಲ್ಮೆಟ್ಟು ಕೈಗೆ ತೆಗೆದುಕೊಂಡಳು.

ಅವಳ ಮನೆಯಿರುವ ಯಾದವಗಿರಿ ಅಲ್ಲಿಂದ ಹತ್ತಿರ. ಅದಕ್ಕೇ ಒಂಟಿಕೊಪ್ಪಲನ್ನು ಸುತ್ತಿಕೊಂಡು ಹೋದ. ಅವಳಿಗೆ ಗೊತ್ತಾಗದೆ ಇರಲಿಲ್ಲ. ಮೊದಲೆಲ್ಲ ಹಿಂದೆ ಕೂತು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು, ಈಗ ಹಿಂದಿನ ಕಂಬಿ ಹಿಡಿದಿದ್ದಳು. ಕೈ ಎಲ್ಲಿದೆ ಎಂದು ಅವನು ಕನ್ನಡಿಯಲ್ಲಿ ನೋಡಿ ತಿಳಿದುಕೊಂಡ. ಸಿಗ್ನಲ್ಲಿನಲ್ಲಿ ನಿಂತಾಗ, ಕೆಂಪು ದೀಪ ನೋಡುತ್ತ, ಹಿಂದೆ ತಿರುಗದೆ ಕೇಳಿದ: 'ಮುಂದಿನ ಭಾನುವಾರ ಬರ್ತೀಯಾ?' ಪಕ್ಕದಲ್ಲಿ ಬಸ್ಸೊಂದು ಗುರುಗುಟ್ಟುತ್ತಿತ್ತು. 'ಏನಪ್ಪಾ?' ಎಂದಳು ಹೆಲ್ಮೆಟ್ಟಿನೊಳಗಿಂದ. ಇನ್ನೊಮ್ಮೆ ಕೇಳಲು ಎಷ್ಟು ಹೊತ್ತು ಬೇಕಿತ್ತು? 'ಏನಿಲ್ಲ, ಹೆಲ್ಮೆಟ್ ಪಟ್ಟಿ ಸರಿಯಾಗಿ ಹಾಕ್ಕೊಂಡಿದೀಯಾ ಅಂದೆ.' 'ಹಾಕ್ಕೊಂಡಿದೀನಿ,' ಎಂದಳು. ದೀಪ ಹಸಿರಾಯಿತು. ತಾನು ಬೆನ್ನು ತಿರುಗಿಸಿಕೊಂಡೇ ಕೇಳಿದ್ದು ಆಮೇಲೆ ಹೊಳೆಯಿತು, ಅದೂ ಉಳಿತಾಯವೇ.

ಗೇಟಿನ ಒಳಗೆ ಸದಾಶಿವಯ್ಯ, ನಿಶ್ಚಿತಾಳ ತಂದೆ, ಪೈಪು ಹಿಡಿದು ದಾಸವಾಳಕ್ಕೆ ನೀರು ಬಿಡುತ್ತಿದ್ದರು. ಒಂದು ಕಾಲದಲ್ಲಿ 'ಏನಪ್ಪಾ ವಾಗೀಶ, ಬಾ, ಕೂತ್ಕೋ' ಅನ್ನುತ್ತಿದ್ದ ಮನುಷ್ಯ. ಕೇಸು ಮುಗಿದ ದಿನದಿಂದ 'ಏನ್ರೀ' ಎಂದು ಬಹುವಚನಕ್ಕೆ ಏರಿಸಿದ್ದರು. ಮರ್ಯಾದೆ ಕೊಟ್ಟು ಹೊರಗಿಡುವುದು ಹೇಗೆಂದು ಅವರಿಂದ ಕಲಿಯಬೇಕು. ಹೋದ ವಾರ, ಲಹರಿ ಒಳಗೆ ಹೋದ ಮೇಲೆ, 'ಇನ್ನೊಂದೇ ವಾರ ಅಲ್ವೇನ್ರೀ? ಆಮೇಲೆ ನಿಮಗೂ ಈ ಓಡಾಟ ತಪ್ಪತ್ತೆ' ಎಂದಿದ್ದರು. ಅದರಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಸಮಾಧಾನವಿತ್ತು. ಇವತ್ತು ತಲೆಯೆತ್ತಿ ನೋಡಿ, ಮತ್ತೆ ಗಿಡದ ಕಡೆ ತಿರುಗಿದರು.

ಲಹರಿ ಇಳಿದು ಹೆಲ್ಮೆಟ್ಟು ತೆಗೆದುಕೊಟ್ಟಳು. ಕೂದಲು ಹಣೆಗಂಟಿತ್ತು. ಇಷ್ಟು ವರ್ಷ ಪ್ರತಿ ಭಾನುವಾರವೂ ಇಲ್ಲಿ ಅವಳು 'ಬೈ ಅಪ್ಪ' ಅನ್ನುತ್ತಿದ್ದಳು. ಅದೊಂದು ಪದ, ಹಿಂದೆ ಮುಂದೆ ಏನೂ ಇಲ್ಲದ ಪದ, ಅವನು ಅದಕ್ಕೆ ಒಗ್ಗಿಹೋಗಿದ್ದ. ಹೆಲ್ಮೆಟ್ಟನ್ನು ಎದೆಗೊತ್ತಿ ಹಿಡಿದು ಅದಕ್ಕಾಗಿ ಕಾದ. ಈಗ ಕೇಳು, ಈಗಲಾದರೂ ಕೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ಅವಳು ಗೇಟು ತಳ್ಳಿ ಒಳಗೆ ಹೆಜ್ಜೆಯಿಟ್ಟಳು. ಬೆನ್ನು ಕಾಣುತ್ತಿತ್ತು, ಹೆಗಲ ಮೇಲಿನ ಚೀಲ ಕಾಣುತ್ತಿತ್ತು. ಹಾಗೆ ನಡೆಯುತ್ತಲೇ, ತಿರುಗದೆ, ಹೇಳಿದಳು.

'ಬರ್ತೀನಿ ಅಪ್ಪ.'

ಬಾಗಿಲು ದಾಟಿ ಒಳಗೆ ಹೋದಳು. ವಾಗೀಶನ ಎದೆ ಒಮ್ಮೆ ತುಂಬಿ ಬಂತು, ಮರುಗಳಿಗೆಗೆ ಹೆದರಿತು. ಬರ್ತೀನಿ ಅಂದಳು. ಯಾವ ಬರ್ತೀನಿ? ಮುಖ ನೋಡಿದ್ದರೆ ತಿಳಿಯುತ್ತಿತ್ತು, ತುಟಿ ನೋಡಿದ್ದರೂ ತಿಳಿಯುತ್ತಿತ್ತು. ಹೋಟೆಲಿನಲ್ಲಿ ಬುಡ್ತು ಅನ್ನು ಅಂದದ್ದಕ್ಕೆ ಪಾಪ ಅಂತ ಮಾತು ತಿದ್ದಿಕೊಂಡಳೋ, ಅವತ್ತಿನ ಗೇಟಿನ ಮಾತನ್ನು ತಿರುಗಿಸಿ ಕೊಟ್ಟಳೋ, ನಿಜವಾಗಿಯೂ ಬರುತ್ತಾಳೋ. ಕೂಗಿ ಕೇಳಬಹುದಿತ್ತು. ಬರಲ್ಲ ಅಂದುಬಿಟ್ಟರೆ ಈ ಮಾತೂ ಹೋಗುತ್ತದೆ. ಅವನು ಗೇಟಿನ ಕಂಬಿ ಹಿಡಿದು ಹಾಗೇ ನಿಂತ.

'ಇನ್ನೇನ್ರೀ?' ಎಂದರು ಸದಾಶಿವಯ್ಯ. ಪೈಪು ಕೆಳಗೆ ಹಾಕಿ, ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತ ಗೇಟಿನ ಹತ್ತಿರ ಬಂದರು. ಇನ್ನು ಮೇಲೆ ಈ ಗೇಟಿನಲ್ಲಿ ಅವನ ಮುಖ ಕಾಣುವ ಅಗತ್ಯವಿಲ್ಲವೆಂಬ ನೆಮ್ಮದಿ ಅವರ ಮುಖದ ಮೇಲೆ ಬರೆದಿಟ್ಟಂತಿತ್ತು.

'ಏನಿಲ್ಲ ಮಾವ,' ಎಂದ ವಾಗೀಶ. ಎಷ್ಟೋ ವರ್ಷದ ಮೇಲೆ ಮಾವ ಎಂದು ಬಂತು. 'ಬರ್ತೀನಿ.'

'ಹ್ಞೂಂ, ಹೋಗ್ಬನ್ನಿ,' ಎಂದರು ಮುದುಕರು, ಮನೆಗೆ ಬಂದ ಎಲ್ಲರಿಗೂ ಅನ್ನುವ ಹಾಗೆಯೇ, ಮನಸಾರೆ, ಮತ್ತು ಗೇಟಿನ ಚಿಲಕ ಹಾಕಿಕೊಂಡರು.